ಪೋರ್ಟೊದಲ್ಲಿ ಗುಲಾಬಕ್ಕ ಬಾಯಿ ಬಿಟ್ಟದ್ದು

ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಗುಲಾಬಕ್ಕನ ಕೈಯ ದೋಸೆ ತಿನ್ನದವರು ಕಡಿಮೆ. ಗುಲಾಬಕ್ಕ ಇಂಗ್ಲಿಷ್ ಮಾತಾಡಿದ್ದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಗಂಡ ಸದಾನಂದನ ಹಿಂದೆ ಕುಂದಾಪುರದ ಹತ್ತಿರದ ಗಂಗೊಳ್ಳಿಯಿಂದ ಲಂಡನ್ನಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅದರಲ್ಲಿ ಇಪ್ಪತ್ತಾರು ವರ್ಷ ಒಂದೇ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಕಳೆದುಹೋಗಿತ್ತು. ಆ ಅಡುಗೆಮನೆಯಲ್ಲಿ ಕುಂದಾಪುರದವರು, ತುಳುವಿನವರು, ತಮಿಳಿನವರು ಎಲ್ಲ ಇದ್ದರು. ಅಲ್ಲಿ ಇಂಗ್ಲಿಷಿಗೆ ಎಂಥ ಕೆಲಸ? ಇಂಗ್ಲಿಷು ಇದ್ದದ್ದು ಬಾಗಿಲಿನ ಆಚೆ, ಗಿರಾಕಿಗಳು ಕೂರುವ ಕಡೆ. ಆ ಕಡೆ ಸದಾನಂದನ ರಾಜ್ಯ.

ಹಾಗೆಂದು ಅವಳು ಪ್ರಯತ್ನವನ್ನೇ ಮಾಡಿರಲಿಲ್ಲ ಎಂದಲ್ಲ. ಬಂದು ಎರಡು ವರ್ಷವಾದಾಗ ಒಮ್ಮೆ ಜಿಪಿ ಎನ್ನುವ ಡಾಕ್ಟರರ ಕೌಂಟರಿನಲ್ಲಿ ನಿಂತು ಮೊಣಕಾಲು ನೋವು ಎಂದು ಹೇಳಲು ಹೋಗಿದ್ದಳು. ಕೌಂಟರಿನ ಹೆಂಗಸು ‘ಸಾರಿ?’ ಎಂದಳು. ಗುಲಾಬಿ ಮತ್ತೆ ಹೇಳಿದಳು. ಮತ್ತೆ ‘ಸಾರಿ?’ ಮೂರನೆಯ ಸಲ ಹಿಂದೆ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕರು. ಆಗ ಎಂಟು ವರ್ಷದವಳಾಗಿದ್ದ ಮಗಳು ಪ್ರೇಕ್ಷಾ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವತ್ತಿನಿಂದ ಬ್ಯಾಂಕಿನಲ್ಲಿ, ಕೌನ್ಸಿಲ್‌ನಲ್ಲಿ, ಶಾಲೆಯಲ್ಲಿ, ಎಲ್ಲಿ ಹೋದರೂ ಮಾತು ಮಗಳದ್ದು, ಇಲ್ಲವೇ ಗಂಡನದ್ದು. ‘ನೀನ್ ಸುಮ್ನಿರ್ ಗುಲಾಬಿ, ನಾನ್ ಹೇಳ್ತೆ’ ಎಂದು ಸದಾನಂದ ಪ್ರೀತಿಯಿಂದಲೇ ಹೇಳುತ್ತಿದ್ದ. ಅವಳು ಸುಮ್ಮನಿರುತ್ತಿದ್ದಳು. ಎದುರಿನವರು ಆಡಿದ ಒಂದೊಂದು ಮಾತೂ ಅವಳಿಗೆ ತಿಳಿಯುತ್ತಿತ್ತು. ಉತ್ತರವೂ ಗಂಟಲವರೆಗೆ ಬರುತ್ತಿತ್ತು. ಬಂದು ಅಲ್ಲೇ ಕೂತುಬಿಡುತ್ತಿತ್ತು.

ಗುಲಾಬಿ ಅರವತ್ತು ತುಂಬಿ ಹೋಟೆಲಿನ ಕೆಲಸ ಬಿಟ್ಟ ವರ್ಷ, ಲಂಡನ್ ಬ್ರಿಜ್ ಹತ್ತಿರದ ಆಫೀಸಿನಲ್ಲಿ ಕೆಲಸಕ್ಕಿದ್ದ ಪ್ರೇಕ್ಷಾ ಒಂದು ಭಾನುವಾರ ಮನೆಗೆ ಬಂದು ಫೋನು ಮುಂದೆ ಹಿಡಿದಳು.

“ಅಮ್ಮಾ, ಲುಕ್. ಪೋರ್ಟೊ. ಪೋರ್ಚುಗಲ್. ನಾಲ್ಕು ನೈಟ್ಸ್, ನಾವು ಮೂರೇ ಜನ.”

ಹಳೆಯ ಕಾಲದ ಕಲ್ಲಿನ ಮನೆಯೊಂದರ ಮೂರನೆಯ ಮಾಳಿಗೆ. ಪೂರಾ ಅಪಾರ್ಟ್‌ಮೆಂಟೇ ಅವರಿಗೆ. ಚಿತ್ರ ನೋಡಿ ಗುಲಾಬಿ ಮೊದಲು ಕೇಳಿದ್ದು, “ಅಡ್ಗಿ ಯಾರ್ ಮಾಡುದ್?”

“ಯಾರೂ ಇಲ್ಲ! ದಟ್ಸ್ ದ ಪಾಯಿಂಟ್, ಅಮ್ಮಾ.”

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಈಸ್ಟ್ ಕ್ರೋಯ್ಡನ್ನಿನಲ್ಲಿ ರೈಲು ಹಿಡಿದು, ಗ್ಯಾಟ್‌ವಿಕ್ಕಿನಿಂದ ವಿಮಾನ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಮುಂದೆ ನಿಂತಿದ್ದರು. ಊರು ಗುಡ್ಡದ ಮೇಲಿಂದ ಹೊಳೆಗೆ ಇಳಿಯುತ್ತಿತ್ತು. ಇಳಿಜಾರಿನ ಕಲ್ಲುಹಾಸಿನ ಓಣಿ, ಎರಡೂ ಕಡೆ ಒಂದಕ್ಕೊಂದು ಭುಜ ಕೊಟ್ಟು ನಿಂತ ಕಿರಿದಾದ ಎತ್ತರದ ಮನೆಗಳು, ಮನೆಗಳ ಮೈತುಂಬ ನೀಲಿ ಬಿಳಿ ಟೈಲು. ಮೇಲಿನ ಕಬ್ಬಿಣದ ಕಟಾಂಜನಗಳಲ್ಲಿ ಬಟ್ಟೆ ಒಣಗುತ್ತಿತ್ತು. ಲಂಡನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬಟ್ಟೆಯನ್ನು ಹೀಟರಿನ ಮೇಲೆ ಹರವಿದ ಗುಲಾಬಿ, ರಸ್ತೆಯ ನಡುವೆ ನಿಂತು ಆ ಬಟ್ಟೆಗಳನ್ನೇ ನೋಡಿದಳು.

ಒಳಗಂತೂ ಅವಳಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದೇ ತಿಳಿಯಲಿಲ್ಲ, ಅಷ್ಟು ಚೆಂದ. ಒಂದು ಗೋಡೆಗೆ ಗಾರೆಯೇ ಇಲ್ಲ. ಹಳೆಯ ಕರಿಗಲ್ಲನ್ನು ಉಜ್ಜಿ ತೊಳೆದು ಹಾಗೆಯೇ ಬಿಟ್ಟಿದ್ದರು. ನೆಲಕ್ಕೆ ಜೇನಿನ ಬಣ್ಣದ ಅಗಲ ಹಲಗೆ. ಛಾವಣಿಯಲ್ಲಿ ಸುಣ್ಣದ ಹೂಬಳ್ಳಿ, ಅದರ ನಡುವಿನಿಂದ ಇಳಿದ ಹಿತ್ತಾಳೆಯ ದೀಪ. ದೀಪದ ಕೆಳಗೆ ಒಂದು ದೊಡ್ಡ ಕಿತ್ತಳೆ ಬಣ್ಣದ ಕುರ್ಚಿ. ಕೂತರೆ ಮುಂದೆ ಹೊಳೆ, ಹೊಳೆಯ ಮೇಲೆ ಕಬ್ಬಿಣದ ಸೇತುವೆ. ಮಲಗುವ ಕೋಣೆಯಲ್ಲೇ ಬಿಳಿಯ ಸ್ನಾನದ ತೊಟ್ಟಿ ಇಟ್ಟಿದ್ದನ್ನು ಕಂಡು ಸದಾನಂದ, “ಇದ್ ಎಂತ, ಮಿಂದ್ ಸೀದಾ ಹಾಸ್ಗಿಗೆ ಬೀಳುದಾ?” ಎಂದು ನಗಾಡಿದ. ಈ ಮನೆಯನ್ನು ಕೊಂಡು ಹೀಗೆ ತಯಾರು ಮಾಡಿ ಬಾಡಿಗೆಗೆ ಕೊಡುವವನು ತಿಯಾಗೊ ಎಂಬ ಹುಡುಗ ವಾಸ್ತುಶಿಲ್ಪಿಯಂತೆ. ಎರಡನೆಯ ಮಾಳಿಗೆಯಲ್ಲಿ ಹಳೆಯ ಕಾಲದಿಂದ ಬಾಡಿಗೆಗಿರುವ ಮುದಿ ದಂಪತಿ. ನಾಲ್ಕನೆಯದನ್ನು ತಿಯಾಗೊ ಇನ್ನೂ ರಿಪೇರಿ ಮಾಡಿಸುತ್ತಿದ್ದ. ಸದ್ಯ ಅದಕ್ಕೆ ಬೀಗ.

ಎರಡು ದಿನ ಊರು ಸುತ್ತಿದರು. ಮೂರನೆಯ ದಿನ ಪ್ರೇಕ್ಷಾ ಹೊಳೆಯ ಆಚೆ ದಡದಲ್ಲಿ ದ್ರಾಕ್ಷಾರಸದ ನೆಲಮಾಳಿಗೆ ನೋಡಲು ಟಿಕೆಟ್ ತೆಗೆಸಿದ್ದಳು.

“ನೀವ್ ಹೋಯ್ನಿ,” ಎಂದಳು ಗುಲಾಬಿ. “ನಾನ್ ಇಲ್ಲೇ ಇರ್ತೆ.”

“ಒಬ್ಳೇ ಇದ್ಕಂಡ್ ಎಂತ ಮಾಡ್ತೆ?” ಎಂದ ಸದಾನಂದ.

“ಎಂತದೂ ಮಾಡುದಿಲ್ಲೆ. ಆ ಕುರ್ಚಿ ಮೇಲ್ ಕೂಕಂತೆ.”

ಹೇಳಿದಂತೆಯೇ ಕೂತಳು. ಕೆಳಗೆ ಓಣಿಯಲ್ಲಿ ಯಾರೋ ಮೀನು ಮಾರಿಕೊಂಡು ಹೋದರು. ಯಾರದೂ ಊಟಕ್ಕೆ ತಡವಾಗುವುದಿಲ್ಲ, ಯಾವ ಹಿಟ್ಟೂ ಹುಳಿ ಬರುವುದಿಲ್ಲ. ಇಂಥ ಒಂದು ಗಂಟೆ ತನ್ನ ಆಯುಷ್ಯದಲ್ಲಿ ಹಿಂದೆ ಯಾವಾಗ ಇತ್ತು ಎಂದು ಯೋಚಿಸುತ್ತಿರುವಾಗ ಕೈಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಮೇಲೆ ನೋಡಿದಳು. ಸುಣ್ಣದ ಹೂವಿನ ಎಸಳೊಂದು ಕಪ್ಪಗಾಗಿತ್ತು. ಎರಡನೆಯ ಹನಿ, ಮೂರನೆಯದು, ಆಮೇಲೆ ಹಿತ್ತಾಳೆ ದೀಪದ ಸರಪಳಿ ಹಿಡಿದು ಒಂದು ನೀರಿನ ದಾರ. ಗುಲಾಬಿ ಧಡಕ್ಕನೆ ಎದ್ದಳು. ಮೊದಲು ದೀಪದ ಸ್ವಿಚ್ಚು ಆರಿಸಿದಳು, ಕುರ್ಚಿಯನ್ನು ಬದಿಗೆ ಎಳೆದಳು, ಅಡುಗೆಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಬೋಗುಣಿ ತಂದು ಇಟ್ಟಳು. ಅದು ತುಂಬಲು ಎಷ್ಟು ಹೊತ್ತು! ಕರಿಗಲ್ಲಿನ ಗೋಡೆಯ ಮೇಲೂ ನೀರು ಇಳಿಯತೊಡಗಿತ್ತು. ಪ್ರೇಕ್ಷಾಗೆ ಫೋನು ಮಾಡಿದಳು. ನೆಲಮಾಳಿಗೆಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಸದಾನಂದನ ಫೋನು ಮಲಗುವ ಕೋಣೆಯಲ್ಲೇ ರಿಂಗಾಯಿತು. ತಿಯಾಗೊನ ನಂಬರಿನಲ್ಲಿ ಯಾವುದೋ ರೆಕಾರ್ಡು ಪೋರ್ಚುಗೀಸಿನಲ್ಲಿ ಏನೋ ಹೇಳಿ ಸುಮ್ಮನಾಯಿತು.

ಬಾಗಿಲು ತೆರೆದರೆ ಮರದ ಮೆಟ್ಟಿಲ ಮೇಲೂ ನೀರು. ನಾಲ್ಕನೆಯ ಮಾಳಿಗೆಯ ಬಾಗಿಲ ಸಂದಿನಿಂದ ಹರಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಅವಳು ಗೋಡೆ ಹಿಡಿದುಕೊಂಡು ಎರಡನೆಯ ಮಾಳಿಗೆಗೆ ಇಳಿದು ಬಾಗಿಲು ಬಡಿದಳು.

ತೆರೆದದ್ದು ಎಪ್ಪತ್ತೈದು ದಾಟಿದ ಒಬ್ಬ ಕುಳ್ಳ ಹೆಂಗಸು. ಹೂವಿನ ಏಪ್ರನ್ನು, ಬೆಳ್ಳಗಿನ ತುರುಬು. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನಕ್ಕಿದ್ದ ಅಮೇಲಿಯಾ. ಹಿಂದಿನ ಕೋಣೆಯಲ್ಲಿ ಮಂಚ. ಮಂಚದ ಮೇಲೆ ಏಳಲಾಗದ ಗಂಡ.

“ವಾಟರ್!” ಎಂದಳು ಗುಲಾಬಿ. “ಅಪ್‌ಸ್ಟೇರ್ಸ್ ವಾಟರ್ ಕಮಿಂಗ್!”

ಅಮೇಲಿಯಾ ತಲೆ ಅಲ್ಲಾಡಿಸಿದಳು. ಇಂಗ್ಲಿಷ್ ಬರುವುದಿಲ್ಲ ಎಂದು ಕೈಯಲ್ಲೇ ಹೇಳಿದಳು. ಗುಲಾಬಿ ಮತ್ತೊಮ್ಮೆ ಹೇಳಿದಳು. ಮುದುಕಿಯ ಮುಖದಲ್ಲಿ ಅದೇ ಪ್ರಶ್ನೆ. ಆ ಹಳೆಯ ಕೌಂಟರಿನ ‘ಸಾರಿ?’ ಗುಲಾಬಿಗೆ ನೆನಪಾಯಿತು. ಅಷ್ಟರಲ್ಲಿ ಕೋಣೆಯೊಳಗೆ ಮಂಚದ ಮೇಲಿನ ಛಾವಣಿಯಲ್ಲಿ ಅಂಗೈ ಅಗಲದ ಒದ್ದೆ ಕಲೆ ಕಂಡಿತು. ಇನ್ನು ಇಂಗ್ಲಿಷ್ ಹುಡುಕಲು ಪುರಸೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನೇ ಕೂಗಿದಳು.

“ಅಯ್ಯೋ ಮಾರಾಯ್ತಿ, ಒಂದ್ ಬಾಲ್ದಿ ಕೊಡಿ! ಬಾಲ್ದಿ! ಬಾಲ್ದಿ!”

“ಬಾಲ್ದ್?” ಎಂದಳು ಅಮೇಲಿಯಾ. ಕಣ್ಣು ಅರಳಿತು. “ಬಾಲ್ದ್! ಸಿಂ, ಸಿಂ!” ಹೌದು ಹೌದೆಂಬಂತೆ ತಲೆ ಆಡಿಸುತ್ತ ಒಳಗೆ ಓಡಿದವಳು ಎರಡು ಬಕೆಟ್ಟು ಹಿಡಿದುಕೊಂಡು ಬಂದಳು.

ಬಕೆಟ್ಟು ಹಿಡಿಯುತ್ತಲೇ ಗುಲಾಬಿಗೆ ಹುಟ್ಟೂರು ನೆನಪಾಯಿತು. ಗಂಗೊಳ್ಳಿಯಲ್ಲಿ ಅವರ ಮನೆಗೆ ತಾಗಿದಂತೆ ಸೆರಾಫಿನಾ ಬಾಯಿಯ ಮನೆ ಇತ್ತು. ಕ್ರೈಸ್ತರ ಇಗರ್ಜಿಯ ಗಂಟೆ ಬಾರಿಸುವವರ ಮನೆ. ಅವರು ಕೊಂಕಣಿಯವರು. ಹುಡುಗಿಯಾಗಿದ್ದಾಗ ಗುಲಾಬಿ ದಿನದ ಅರ್ಧ ಅಲ್ಲೇ ಇರುತ್ತಿದ್ದಳು. ಬಾಲ್ದಿ ಅಲ್ಲಿಯೂ ಬಾಲ್ದಿಯೇ. ಹಾಗಾದರೆ ಉಳಿದ ಪದಗಳೂ ಹೊಂದಬಹುದೇ?

“ಚಾವಿ,” ಎಂದಳು ಮೇಲಕ್ಕೆ ಬೆರಳು ತೋರಿಸುತ್ತ. ಕೈಯಲ್ಲಿ ಬೀಗ ತಿರುಗಿಸುವಂತೆ ಮಾಡಿದಳು. “ಚಾವಿ!”

“ಶಾವ್!” ಅಮೇಲಿಯಾ ಹಣೆ ತಟ್ಟಿಕೊಂಡಳು. ಬಾಗಿಲ ಹಿಂದಿನ ಮೊಳೆಯಿಂದ ದೊಡ್ಡ ಗೊಂಚಲೊಂದನ್ನು ತೆಗೆದಳು. ಅವಳ ಗಂಡ ನಲವತ್ತು ವರ್ಷ ಈ ಮನೆಯ ಮೇಲ್ವಿಚಾರಣೆ ನೋಡಿಕೊಂಡವನು. ಎಲ್ಲ ಬಾಗಿಲುಗಳ ಕೀಲಿಯೂ ಇನ್ನೂ ಇವರ ಹತ್ತಿರವೇ ಇತ್ತು.

ಇಬ್ಬರೂ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನೀರಿನ ಮೆಟ್ಟಿಲು ಹತ್ತಿದರು. ನಾಲ್ಕನೆಯ ಕೀಲಿಗೆ ಬಾಗಿಲು ತೆರೆಯಿತು. ಒಳಗೆ ಸಿಮೆಂಟಿನ ಚೀಲ, ಬಿಚ್ಚಿದ ಹಲಗೆ, ಹಿಮ್ಮಡಿ ಮುಳುಗುವಷ್ಟು ನೀರು. ಅಡುಗೆಕಟ್ಟೆಯ ಕೆಳಗೆ ಹಳೆಯ ಪೈಪೊಂದು ಬಾಯಿ ಬಿಟ್ಟು ಕಾರಂಜಿಯಂತೆ ಚಿಮ್ಮುತ್ತಿತ್ತು.

ಇಲ್ಲಿ ಗುಲಾಬಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಹೋಟೆಲಿನ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೊಮ್ಮೆ ಪೈಪು ಒಡೆಯುತ್ತಿತ್ತು. ಪ್ಲಂಬರು ಬರುವ ತನಕ ಅಕ್ಕಿ ಬೇಳೆ ಉಳಿಸಿಕೊಂಡವಳು ಅವಳೇ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿ ಕೂತಳು. ಕಟ್ಟೆಯ ಕೆಳಗೆ ಕೈಹಾಕಿ ತಡಕಾಡಿದಳು. ಮುಖ, ಕನ್ನಡಕ, ತಲೆ ಎಲ್ಲ ತೊಯ್ದವು. ಗೋಡೆಯ ಮೂಲೆಯಲ್ಲಿ ನೀರು ನಿಲ್ಲಿಸುವ ತಿರುಪು ಕೈಗೆ ಸಿಕ್ಕಿತು. ಬಣ್ಣ ಬಳಿದು ಬಳಿದು ಕಲ್ಲಾಗಿತ್ತು. ತಿರುಗಿಸಿದರೆ ಕೈ ಜಾರಿತು.

“ತುವಾಲು!” ಎಂದು ಕೈ ಹಿಂದಕ್ಕೆ ಚಾಚಿದಳು.

“ತುಆಲ್ಯಾ!” ಎನ್ನುತ್ತ ಅಮೇಲಿಯಾ ಎಲ್ಲಿಂದಲೋ ಒಂದು ಹಳೆಯ ಟವೆಲನ್ನು ಆ ಕೈಗಿಟ್ಟಳು.

ಟವೆಲನ್ನು ತಿರುಪಿಗೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ರುಬ್ಬುಗುಂಡು ತಿರುಗಿಸಿದ ತೋಳಿನ ಬಲವನ್ನೆಲ್ಲ ಹಾಕಿದಳು. ಒಮ್ಮೆ ಅಲುಗಿತು. ಇನ್ನೊಮ್ಮೆ ‘ಕಿರ್’ ಎಂದಿತು. ಮೂರನೆಯ ಸಲಕ್ಕೆ ಪೂರಾ ತಿರುಗಿತು. ಕಾರಂಜಿ ಮೊಳದುದ್ದವಾಯಿತು, ಗೇಣುದ್ದವಾಯಿತು, ನಿಂತೇಹೋಯಿತು.

ಅಮೇಲಿಯಾ ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಒದ್ದೆ ಸೀರೆಯ ಗುಲಾಬಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು.

“ಇನ್ನ್ ಮೇಸ್ತ್ರಿ,” ಎಂದಳು ಗುಲಾಬಿ ಉಸಿರು ಸುಧಾರಿಸಿಕೊಂಡು. “ಮೇಸ್ತ್ರಿ ಬೇಕ್.”

“ಮೆಶ್ತ್ರ್!” ಅಮೇಲಿಯಾ ಕಿಟಕಿಯ ಕಡೆ ನಡೆದಳು. ಅದರ ಕದಕ್ಕೆ ಕೈಹಾಕಿದಾಗ ಗುಲಾಬಿ ಹಿಂದಿನಿಂದ, “ಜನೆಲ್?” ಎಂದಳು, ಪರೀಕ್ಷೆ ಮಾಡುವವಳಂತೆ. “ಝನೆಲಾ!” ಎಂದು ಮುದುಕಿ ತಿರುಗಿ ನಕ್ಕಳು. ಆಮೇಲೆ ಹೊರಗೆ ಬಗ್ಗಿ ಇಡೀ ಓಣಿಗೆ ಕೇಳುವಂತೆ ಕೂಗಿದಳು.

ಓಣಿ ಎದ್ದು ಬಂತು. ಮೀನಿನ ಹೆಂಗಸು, ಬೇಕರಿಯವನು, ಬಗಲಲ್ಲಿ ಹತಾರದ ಪೆಟ್ಟಿಗೆ ಹಿಡಿದ ಒಬ್ಬ ಮೇಸ್ತ್ರಿ. ಬಂದವರಿಗೆಲ್ಲ ಗುಲಾಬಿಯೇ ಕೆಲಸ ಹಂಚಿದಳು, ಅರ್ಧ ಬಾಯಲ್ಲಿ, ಅರ್ಧ ಬೆರಳಲ್ಲಿ. ಮೊದಲು ಹಾಸಿಗೆ ಹಿಡಿದ ಅಜ್ಜನ ಮಂಚ ಮುಂದಿನ ಕೋಣೆಗೆ ಹೋಗಬೇಕು. ಅದಕ್ಕೆ ದಾರಿಯಲ್ಲಿದ್ದ ಮೇಜು ಸರಿಯಬೇಕು. “ಮೇಜು!” ಎಂದರೆ ಇಬ್ಬರು ಬಂದು ಅದನ್ನು ಎತ್ತಿದರು. “ಬಾಲ್ದಿ!” ಎಂದರೆ ಮೆಟ್ಟಿಲ ಉದ್ದಕ್ಕೂ ಬಕೆಟ್ಟುಗಳು ಕೈಯಿಂದ ಕೈಗೆ ಇಳಿದವು. ಅಜ್ಜನನ್ನು ಮಂಚದ ಸಮೇತ ಮುಂದಿನ ಕೋಣೆಗೆ ತಂದು ಹತ್ತು ನಿಮಿಷವಾಗಿರಲಿಲ್ಲ, ಹಿಂದಿನ ಕೋಣೆಯ ಛಾವಣಿಯ ಗಾರೆ ಎರಡು ಹಿಡಿಯಷ್ಟು ದೊಪ್ಪನೆ ಬಿತ್ತು; ಅವನ ತಲೆದಿಂಬು ಇದ್ದ ಜಾಗಕ್ಕೇ. ಎಲ್ಲರೂ ಮೊದಲು ಅದನ್ನು ನೋಡಿದರು, ಆಮೇಲೆ ಗುಲಾಬಿಯನ್ನು ನೋಡಿದರು. ಅಜ್ಜ ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ.

ಸಂಜೆ ಐದಕ್ಕೆ ಸದಾನಂದ, ಪ್ರೇಕ್ಷಾ ಹೊಳೆ ದಾಟಿ ಬಂದರು. ಮನೆಯ ಮುಂದೆ ಜನ, ಮೆಟ್ಟಿಲೆಲ್ಲ ಒದ್ದೆ. ಪ್ರೇಕ್ಷಾಳ ಜೀವ ಹಾರಿಹೋಯಿತು. “ಅಮ್ಮಾ! ಅಮ್ಮಾ!” ಎಂದು ಕೂಗುತ್ತ ಎರಡೆರಡು ಮೆಟ್ಟಿಲು ಹಾರಿ ಬಂದವಳು ಎರಡನೆಯ ಮಾಳಿಗೆಯ ತೆರೆದ ಬಾಗಿಲಲ್ಲಿ ನಿಂತುಬಿಟ್ಟಳು.

ಮೇಜಿನ ಮುಖ್ಯ ಜಾಗದಲ್ಲಿ ಅವಳ ಅಮ್ಮ ಕೂತಿದ್ದಳು. ಮೈಮೇಲೆ ಅಮೇಲಿಯಾಳ ಕಪ್ಪು ಉಣ್ಣೆಯ ಶಾಲು. ಸುತ್ತ ಏಳೆಂಟು ಜನ. ಮುಂದೆ ಹಬೆಯಾಡುವ ಚಾ, ಬೇಯಿಸಿ ಎಣ್ಣೆ ಹಾಕಿದ ಬಟಾಟೆ. ಗುಲಾಬಿ ಒಂದೊಂದೇ ಸಾಮಾನು ಮುಟ್ಟಿ ಹೆಸರು ಹೇಳುತ್ತಿದ್ದಳು. ಹೊಂದಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಹೊಂದದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು.

“ಅಮ್ಮಾ,” ಎಂದಳು ಪ್ರೇಕ್ಷಾ, “ವಾಟ್ ಲ್ಯಾಂಗ್ವೇಜ್ ಆರ್ ಯು ಸ್ಪೀಕಿಂಗ್?”

“ನಮ್ದೇ,” ಎಂದಳು ಗುಲಾಬಿ.

ಸದಾನಂದ ಬಾಗಿಲಲ್ಲೇ ಇದ್ದ. ಸಾವಿರಾರು ಗಿರಾಕಿಗಳನ್ನು ಮಾತಿನಲ್ಲೇ ಕೂರಿಸಿ ಏಳಿಸಿದ ಮನುಷ್ಯ ಈ ಮನೆಯಲ್ಲಿ ತಾನು ಎಲ್ಲಿ ಕೂರಬೇಕೆಂದು ಹುಡುಕುತ್ತಿದ್ದ. ಗುಲಾಬಿಯೇ ಕರೆದಳು: “ಹ್ವಾಯ್, ಅಲ್ಲೇ ಎಂತಕ್ ನಿಂತ್ರಿ? ಬನಿ, ಕೂಕಣಿ. ಚಾ ಕುಡಿನಿ.” ಆಮೇಲೆ ಅಮೇಲಿಯಾಳ ಕಡೆ ತಿರುಗಿ, ಎದೆ ಮುಟ್ಟಿಕೊಂಡು, ಗಂಡನನ್ನೂ ಮಗಳನ್ನೂ ತೋರಿಸಿ, ಯಾರು ಯಾರೆಂದು ತಾನೇ ಪರಿಚಯ ಮಾಡಿಕೊಟ್ಟಳು.

ತಿಯಾಗೊ ಓಡೋಡಿ ಬಂದಾಗ ಆರು ಗಂಟೆ. ಬೇರೆ ಊರಿನ ಕೆಲಸದಲ್ಲಿದ್ದನಂತೆ, ಮುಖ ಬಿಳಿಚಿತ್ತು. ಕ್ಷಮೆ ಕೇಳಿದ. ಈಗಲೇ ಬೇರೆ ಅಪಾರ್ಟ್‌ಮೆಂಟು ಕೊಡುತ್ತೇನೆ, ಇದಕ್ಕಿಂತ ದೊಡ್ಡದು, ಎಂದ. ಪ್ರೇಕ್ಷಾ ಬಾಯಿ ತೆರೆದಳು. ಸದಾನಂದ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಗುಲಾಬಿ ಇಂಗ್ಲಿಷಿನಲ್ಲಿ ಹೇಳಿಯಾಗಿತ್ತು.

“ನೋ. ವಿ ಸ್ಟೇ ಹಿಯರ್. ಯುವರ್ ಹೌಸ್ ಈಸ್ ವೆರಿ ಬ್ಯೂಟಿಫುಲ್. ಬಟ್ ಫಸ್ಟ್ ಪೈಪ್, ದೆನ್ ಲ್ಯಾಂಪ್.”

ತಿಯಾಗೊ ಒಂದು ಸಲವೂ ‘ಸಾರಿ?’ ಎನ್ನಲಿಲ್ಲ. ತಲೆ ತಗ್ಗಿಸಿ, ಜೇಬಿನಿಂದ ಪುಸ್ತಕ ತೆಗೆದು, ಅವಳು ಹೇಳಿದ್ದನ್ನು ಬರೆದುಕೊಂಡ. ಆಮೇಲೆ ಅಮೇಲಿಯಾ ಕೈಬೀಸಿ ಬೀಸಿ ಇಡೀ ಕಥೆ ಹೇಳಿದಳು. ಬಾಲ್ದಿ ಚಾವಿಗಳ ವಿಷಯ ಬಂದಾಗ ಅವನು ಬೆರಗಾಗಿ ಗುಲಾಬಿಯನ್ನು ನೋಡಿದ. ನಮ್ಮ ಹಡಗುಗಳು ನಿಮ್ಮ ಕರಾವಳಿಗೆ ಬಂದಾಗ ಈ ಪದಗಳು ಅಲ್ಲಿ ಉಳಿದಿರಬೇಕು, ಐನೂರು ವರ್ಷದ ಹಿಂದಿನ ಮಾತು, ಎಂದು ವಿವರಿಸಿದ.

“ಹೌದಾ?” ಎಂದಳು ಗುಲಾಬಿ, ಮತ್ತೆ ಇಂಗ್ಲಿಷಿನಲ್ಲೇ. “ನಿಮ್ಮವರು ಬಿಟ್ಟುಹೋದದ್ದನ್ನು ನಾವು ದಿನಾ ಬಳಸಿ ಚೆನ್ನಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಪೈಪಿನ ಹಾಗೆ ಮಾಡಲಿಲ್ಲ.”

ಅವನು ಅದನ್ನು ಪೋರ್ಚುಗೀಸಿಗೆ ತಿರುಗಿಸಿದ. ಅಜ್ಜ ಮಂಚದ ಮೇಲೆ ಕೆಮ್ಮು ಬರುವವರೆಗೆ ನಕ್ಕ.

ಮರುದಿನ ಬೆಳಿಗ್ಗೆ, ಒಣಗಿದ ಕಿತ್ತಳೆ ಕುರ್ಚಿಯಲ್ಲಿ ಗುಲಾಬಿಯನ್ನು ಕೂರಿಸಿ, ಸದಾನಂದ ತಾನೇ ಚಾ ಮಾಡಿ ತಂದ. ಸಕ್ಕರೆ ಹೆಚ್ಚಾಗಿತ್ತು.

“ಇಷ್ಟ್ ವರ್ಷ ನಿನ್ನ ಬಾಯಿ ನಾನೇ ಕಟ್ಟಿ ಹಾಕ್ದೆ, ಅಲ್ದಾ?” ಎಂದ ಹೊಳೆಯ ಕಡೆ ನೋಡುತ್ತ.

ಗುಲಾಬಿ ಚಾ ಕುಡಿದಳು. “ಕಟ್ಟಿದ್ದ್ ನೀವ್. ಬಿಚ್ಚಿ ಅಂತ ಹೇಳ್ದೆ ಇದ್ದದ್ದ್ ನಾನ್,” ಎಂದಳು. ಇಬ್ಬರಿಗೂ ನಗು ಬಂತು.

ಕ್ರೋಯ್ಡನ್ನಿಗೆ ಮರಳಿ ಮೂರು ವಾರವಾಗಿರಬೇಕು. ಅವರ ಒಂಬತ್ತು ಮಾಳಿಗೆಯ ಕಟ್ಟಡದ ಲಿಫ್ಟು ಕೆಟ್ಟು ನಿಂತು ಆಗಲೇ ಒಂದು ತಿಂಗಳ ಮೇಲಾಗಿತ್ತು. ಕಟ್ಟಡ ನೋಡಿಕೊಳ್ಳುವ ಕಂಪನಿಯವನೊಬ್ಬ ಕೆಳಗಿನ ಹಾಲಿನಲ್ಲಿ ಸಭೆ ಕರೆದ. ನಲವತ್ತು ಜನ ಸೇರಿದ್ದರು. ಅವನು ಬಹಳ ನಯವಾಗಿ ಮಾತಾಡಿದ; ಬಿಡಿಭಾಗಗಳು ಸಿಗುತ್ತಿಲ್ಲ, ಪ್ರಕ್ರಿಯೆ ನಡೆಯುತ್ತಿದೆ, ದಯವಿಟ್ಟು ಸಹಕರಿಸಿ. ಜನ ಗೊಣಗಿಕೊಂಡು ಏಳುವುದರಲ್ಲಿದ್ದರು. ಸದಾನಂದ ಹೆಂಡತಿಯ ಕಡೆ ನೋಡಿದ, ಆಮೇಲೆ ಕೈಕಟ್ಟಿ ಕುರ್ಚಿಗೆ ಒರಗಿ ಕೂತ.

ಗುಲಾಬಿ ಎದ್ದು ನಿಂತಳು. ಅವಳ ಇಂಗ್ಲಿಷು ಮೂರು ವಾರದಲ್ಲಿ ಬದಲಾಗಿರಲಿಲ್ಲ. ಗಂಗೊಳ್ಳಿಯ ಗಾಳಿ ಹಾಗೆಯೇ ಇತ್ತು. ಆರನೆಯ ಮಾಳಿಗೆಯಲ್ಲಿ ಅವಳಿ ಮಕ್ಕಳ ತಾಯಿ ಇದ್ದಾಳೆ, ತಳ್ಳುಗಾಡಿಯನ್ನು ದಿನಕ್ಕೆರಡು ಸಲ ಹೊರುತ್ತಾಳೆ ಎಂದಳು. ಎಂಟನೆಯದರ ಮುದುಕ ಒಂದು ತಿಂಗಳಿಂದ ಬಿಸಿಲು ಕಂಡಿಲ್ಲ ಎಂದಳು. ಬಿಡಿಭಾಗ ಯಾವಾಗ ಬರುತ್ತದೆ, ಯಾವ ದಿನ, ಅದನ್ನು ಈಗ, ಇಲ್ಲಿ, ಈ ಕಾಗದದ ಮೇಲೆ ಬರೆದು ಸಹಿ ಹಾಕಿ ಎಂದಳು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಹಿಂದಿನವರು ಎದ್ದು ನಿಂತರು. ನಯವಾದ ಮನುಷ್ಯ ಕಾಗದ ನೋಡಿದ, ಜನರನ್ನು ನೋಡಿದ, ಪೆನ್ನು ತೆಗೆದ. ಮುಂದಿನ ಗುರುವಾರ ಎಂದು ಬರೆದು ಸಹಿ ಹಾಕಿದ.

“ನಿಮ್ಮ ಹೆಸರು ದಾಖಲಿಸಿಕೊಳ್ಳಬಹುದೇ?” ಎಂದು ಕೇಳಿದ.

ಅವಳು ಒಂದೊಂದೇ ಅಕ್ಷರವಾಗಿ ಹೇಳಿ ಬರೆಸಿದಳು. ಅವನು ಫೈಲು ಮುಚ್ಚಲು ಹೋದ.

“ಮುಚ್ಚಬೇಡಿ,” ಎಂದಳು ಗುಲಾಬಿ. “ಮೆಟ್ಟಿಲ ದೀಪದ ವಿಷಯ ಇನ್ನೂ ಹೇಳಿಲ್ಲ.”